ಮಾರಿ ತಿರುವಿದ ಮಹೇಶ್ವರಿ

ಗಾಳೇಶ ಅಂಗಡಿಯ ಶಟರ್ ಎಳೆದು ಮನೆಯ ದಾರಿ ಹಿಡಿದಾಗ ಊರು ಮಲಗಿತ್ತು. ಅವನು ನಮ್ಮ ಚಿಗವ್ವನ ಮಗ, ಕೊಪ್ಪಳದ ಹತ್ತಿರ ಗಿಣಿಗೇರಾದಾಗ ಫೋಟೋ ಅಂಗಡಿ ಇಟ್ಟಾನ. ಎರಡು ಸಾವಿರದ ಹನ್ನೆರಡರ ಮಾತು ಇದು. ಊರಾಚೆ ಕಾರ್ಖಾನೆ ಎಂದಿನಂತೆ ಧಮ್... ಧಮ್... ಅನ್ನುತ್ತಿತ್ತು. ಅದರ ಕರಿ ಬೂದಿ ರಾತ್ರಿಯೇ ಹೆಚ್ಚು ಇಳಿಯುತ್ತದೆ. ಮುಂಜಾನೆ ಪೂಜೆಗೆ ಹೂ ಹರಿದರೆ, ಹೂವನ್ನೂ ತೊಳೆಯಬೇಕು ಅಲ್ಲಿ.

ಆಲದ ಮರ ಬಂತು. ಕಟ್ಟೆಯ ಮೇಲೆ ಯಾರೋ ಕುಂತಿದ್ದರು. ಅಲುಗಾಟ ಇಲ್ಲ... ಗಾಳೇಶನ ಕಾಲು ನಿಂತವು.

"ಗಾಳೇಶಾ... ನಾನು."

ದನಿ ಮುದುಕಪ್ಪನದು. ಪಕ್ಕದ ಮನೆಯವನು, ಕಾರ್ಖಾನೆಯಲ್ಲಿ ದುಡಿಯುವವನು.

"ಏನಲೇ ಮುದುಕಾ... ಎದಿ ಒಡೀತಲೇ ನಂದು," ಗಾಳೇಶ ಪಿಸುಗುಟ್ಟಿದ.

"ನಾಳೆ ಗಣಾರಾಧನೆ. ಪೂಜೆಗೆ ಇಡಾಕ ಆಕಿ ಫೋಟೋ ಇಲ್ಲ."

ಆಕಿ ಅಂದರೆ ಹೆಂಡತಿ ಮಹೇಶ್ವರಿ. ಜ್ವರ ಬಂದು ತೀರಿಕೊಂಡಿದ್ದಳು; ಸತ್ತವರ ಹೆಸರಿನಲ್ಲಿ ಮಾಡುವ ಪೂಜೆ, ಊಟವೇ ಗಣಾರಾಧನೆ. ಮಣ್ಣು ಕೊಟ್ಟ ದಿನವೂ ಮುದುಕಪ್ಪ ಅತ್ತಿರಲಿಲ್ಲ. ಆ ಹೆಣ್ಣುಮಗಳಿಗೆ ಫೋಟೋ ಅಂದರೆ ಅಂಜಿಕೆ. ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆ ಅನ್ನುವಳು. ಯಾರು ಕ್ಯಾಮೆರಾ ಹಿಡಿದರೂ ಸೆರಗು ಎಳೆದು ಮಾರಿ ತಿರುವುವಳು. ಮತದಾನದ ಗುರುತಿನ ಚೀಟಿಯ ಫೋಟೋಕ್ಕೂ ಹೋಗಿರಲಿಲ್ಲ. ಮಗಳು ದೀಪಿಕಾಳ ತೊಟ್ಟಿಲ ಕಾರ್ಯದಲ್ಲಿ ಮಹೇಶ್ವರಿಯ ತಮ್ಮ ಯಂಕೇಶ ಸಣ್ಣ ಕ್ಯಾಮೆರಾದಿಂದ ಒಂದಿಷ್ಟು ತೆಗೆದಿದ್ದ. ಆ ಕ್ಯಾಮೆರಾ ಕೆಟ್ಟು ಹೋಗಿತ್ತು. ಫೋಟೋ ಇರುವ ಅದರ ಮೆಮೊರಿ ಕಾರ್ಡ್ ಒಂದು ಉಳಿದಿತ್ತು.

"ಒಂದರಾಗರ ಮಾರಿ ಕಂಡಿದ್ರ ಸಾಕು," ಅಂದ ಮುದುಕಪ್ಪ. "ಕೂಸು ದೊಡ್ಡದಾಗಿ, ಅವ್ವ ಹ್ಯಾಂಗಿದ್ಲು ಅಂದ್ರ ಏನು ತೋರಸ್ಲಿ?"

ಕಾರ್ಖಾನೆಯ ಪಾಳಿ ಎಷ್ಟಕ್ಕೆ ಅಂತ ಹೇಳಿದ ಹಾಗೆ, ಅಷ್ಟೇ ಸಪ್ಪಗೆ ಹೇಳಿದ.

ಇಬ್ಬರೂ ತಿರುಗಿ ಬಂದು ಅಂಗಡಿ ತೆಗೆದರು. ಹೊರಗಿನಿಂದ ಜೋಡಿಸುವ ಕಾರ್ಡ್ ರೀಡರ್ ಅಂದೇ ಕೆಟ್ಟಿತ್ತು. ಲ್ಯಾಪ್‌ಟಾಪಿನ ಬದಿಗೆ ಕಾರ್ಡ್ ಹಾಕುವ ಸಂದಿ ಇತ್ತು, ಆದರೆ ಬಹಳ ದಿನದಿಂದ ಅದು ಸತ್ತಂತೆ ಇತ್ತು. ಗಿರಾಕಿಗಳ ಕಾರ್ಡಿನಿಂದ ವೈರಸ್ ಬಂದು ಬಂದು ಸಾಕಾಗಿ, ಕೊಪ್ಪಳದ ಕಂಪ್ಯೂಟರ್ ರಿಪೇರಿಯ ಮಂಜೂರ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಕೊಟ್ಟಿದ್ದ. ಲಿನಕ್ಸಿಗೆ ಆ ಸಂದಿಯ ಗುರುತಿಲ್ಲ. ಸಂದಿಯ ಚಿಪ್ ಮಾಡಿದವರು ಬೇರೆಯಾಗಿ ಕೊಡುವ ಡ್ರೈವರ್ ಅನ್ನುವ ಸಾಫ್ಟ್‌ವೇರ್ ತಂದು ನಾವೇ ಕೂಡಿಸಬೇಕು. ಮಂಜೂರ ಅದನ್ನು ತಂದು ಮಶೀನಿನಲ್ಲೇ ಇಟ್ಟಿದ್ದ. ಗಾಳೇಶ ಇವತ್ತು ನಾಳೆ ಅಂತ ಬಿಟ್ಟಿದ್ದ.

ಮಂಜೂರನಿಗೆ ಫೋನ್ ಹಚ್ಚಿದ.

"ಈಗ ನೆನಪಾತೇನೋ ನಿನಗ? ಹೊತ್ತು ನೋಡೀಯೇನು?"

"ಸತ್ತ ಮನಿ ಕೆಲಸ, ಮಂಜೂರಣ್ಣಾ."

ಆ ಕಡೆ ಹಾಸಿಗೆ ಬಿಟ್ಟು ಎದ್ದ ಸದ್ದು. ಆಮೇಲೆ ಮೆತ್ತಗೆ, "ಕಾರ್ಡ್ ಈಗ ಹಾಕಬ್ಯಾಡ್ರಿ. ಮೊದಲ ಡ್ರೈವರ್ ಕೂಡಲಿ. ನಾ ಹೇಳಿದ್ದು ಹೊಡಿ."

ಗಾಳೇಶ ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, ಹೇಳಿದ್ದನ್ನು ಹೊಡೆದ. ಇಂಗ್ಲಿಷ್ ಸಾಲುಗಳು ಸರಸರ ಮೇಲೇರಿದವು... ನಿಂತವು.

"ಎರರ್ ಬಂತು."

"ಅಪ್‌ಡೇಟ್ ಕೊಟ್ಟೀಯೇನು?"

"ಅದು ಕೇಳ್ತು, ಹೂಂ ಅಂದೆ."

"ಎಲ್ಲಾದಕ್ಕೂ ಹೂಂ ಅಂತೀ, ಲಗ್ನಕ್ಕಷ್ಟ ಒಲ್ಲೆ ಅಂತೀ. ಲಿನಕ್ಸಿನ ಒಳಗಿನ ಕರ್ನಲ್ ಬದಲಾಗೇತಿ, ಹಳೇದಕ್ಕ ಮಾಡಿದ್ದು ಇದಕ್ಕ ಕೂಡಂಗಿಲ್ಲ. ಅದಕ್ಕ ಬೇಕಾದ ಫೈಲ್ ಮೊದಲ ಇಳಿಸು. ಆಮ್ಯಾಲೆ ಡ್ರೈವರ್ ಮತ್ತ ಕಟ್ಟು."

ಮುದುಕಪ್ಪ ನಗಲಿಲ್ಲ. ಸ್ಟೂಲಿನ ಮೇಲೆ, ಎದೆಯ ಕಿಸೆಯ ಮೇಲೆ ಕೈ ಇಟ್ಟುಕೊಂಡು ಕುಂತಿದ್ದ.

ಎರಡನೇ ಸಲ ಸಾಲುಗಳು ಏರಿ ಏರಿ, ತಾವೇ ಮುಗಿದವು. ಗಾಳೇಶ ಕೊನೆಯ ಸಾಲು ಹೊಡೆದ, ಪಾಸ್‌ವರ್ಡ್ ಕೊಟ್ಟ, ಎಂಟರ್ ಒತ್ತಿದ.

...ಟುಕ್.

ಸಂದಿಯ ಪಕ್ಕದ ಸಣ್ಣ ದೀಪ ಹತ್ತಿತು. ಪರದೆಯ ಮೇಲೆ ಒಂದು ಫೋಟೋ ತೆರೆಯಿತು. ಮುದುಕಪ್ಪ ಅವಸರ ಮಾಡಿ ಕಾರ್ಡ್ ಹಾಕಿದ ಅಂದುಕೊಂಡ ಗಾಳೇಶ. ತಿರುಗಿ ನೋಡಲಿಲ್ಲ. ನೋಡಿದ್ದು ಫೋಟೋ.

ಮಹೇಶ್ವರಿ. ಸೆರಗು ಹಿಂದಕ್ಕೆ ಸರಿಸಿದ್ದಳು. ಕಣ್ಣು ನೇರ ಇದ್ದವು. ನಗುವಿಲ್ಲ, ಅಂಜಿಕೆಯೂ ಇಲ್ಲ. ತೆಗೆಯುವ ತನಕ ಅಲುಗಾಡಬಾರದು ಅಂತ ನಿಂತವರ ಹಾಗೆ.

"ಆಕಿನ?" ಗಾಳೇಶ ಪಿಸುಗುಟ್ಟಿದ.

"ಆಕಿನ."

ಗಾಳೇಶ ಪ್ರಿಂಟ್ ಕೊಟ್ಟ. ಪ್ರಿಂಟರ್ ಕಿರ್ರ್... ಕಟಕ್... ಕಿರ್ರ್... ಅಂತು. ಬೆಚ್ಚಗಿನ ಫೋಟೋ ಹೊರಗೆ ಬಂತು. ಮುದುಕಪ್ಪ ಎರಡೂ ಅಂಚು ಹಿಡಿದು ನೋಡಿದ. ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ಆ ಸಣ್ಣ ದೀಪ ಆರಿತು. ಪರದೆಯ ಮೇಲಿನ ಫೋಟೋ ಹೋಯಿತು.

"ಕಾರ್ಡ್ ತಕ್ಕೊಂಡಿ ಏನು?" ಅಂದ ಗಾಳೇಶ.

ಮುದುಕಪ್ಪ ಕಿಸೆಗೆ ಕೈ ಹಾಕಿದ. ಕರವಸ್ತ್ರದ ಗಂಟು ತೆಗೆದ. ಹಲ್ಲಿನಿಂದ ಕಚ್ಚಿ ಗಂಟು ಬಿಚ್ಚಿದ. ಕಾರ್ಡ್ ಅದರೊಳಗೆ ಇತ್ತು.

"ಈಗ ಹಾಕಬ್ಯಾಡ್ರಿ ಅಂದ್ರಲ್ಲ," ಅಂದ.

ಮೇಜಿನ ಮೇಲಿನ ಫೋನಿನಲ್ಲಿ ಮಂಜೂರ, "ಹಲೋ... ಹಲೋ ಗಾಳೇಶ... ಕೂಡ್ತೇನು? ಈಗ ಕಾರ್ಡ್ ಹಾಕ್ರಿ."

ಗಾಳೇಶ ಬ್ಯಾಟರಿ ಹಿಡಿದು ಸಂದಿಯ ಬಾಯಿ ನೋಡಿದ. ಕಾರ್ಖಾನೆಯ ಕರಿ ಬೂದಿ ಈ ತುದಿಯಿಂದ ಆ ತುದಿಗೆ ಕುಂತಿತ್ತು. ಒಂದು ಗೀರೂ ಇರಲಿಲ್ಲ.

ಮುದುಕಪ್ಪ ಆಗಲೂ ಅಳಲಿಲ್ಲ. ಫೋಟೋ ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ಹೋದ. ಮರುದಿನ ಅದಕ್ಕೇ ಮಾಲೆ ಹಾಕಿ ಪೂಜೆ ಮಾಡಿದರು. ಆಮೇಲೆ ಗಾಳೇಶ ಆ ಕಾರ್ಡನ್ನು ಕೊಪ್ಪಳಕ್ಕೆ ಒಯ್ದು ಮಂಜೂರನ ಮಶೀನಿನಲ್ಲಿ ತೆಗೆಸಿದ. ತೊಟ್ಟಿಲ ಕಾರ್ಯದ ಫೋಟೋ ಎಲ್ಲ ಇದ್ದವು. ಎಲ್ಲದರಲ್ಲೂ ಮಹೇಶ್ವರಿ ಮಾರಿ ತಿರುವಿದ್ದಳು. ಸೆರಗು, ತುರುಬು, ಅಷ್ಟೇ.

ನೀವು ನಂಬ್ರಿ, ಬಿಡ್ರಿ. ಲಿಂಗ ಕಟ್ಟಿದ ಕೊರಳು ಇದು, ಕೊಪ್ಪಳದ ಗವಿಮಠದ ಕಡೆ ಮಾರಿ ಮಾಡಿ ಹೇಳ್ತೇನಿ. ಆ ಫೋಟೋ ಮುದುಕಪ್ಪನ ಮನಿ ಪಡಸಾಲಿಯಾಗ ಐತಿ, ನಾನ ಕಂಡೇನಿ. ದೀಪಿಕಾ ಸಾಲಿಗೆ ಹೋಗುವಾಗ ಅದಕ್ಕ ಕೈ ಮುಗಿದು ಹೋಗ್ತಾಳ. ಗಾಳೇಶನ ಹಂತೇಕ ಆ ಲ್ಯಾಪ್‌ಟಾಪ್ ಇನ್ನೂ ಐತಿ. ದಿನಾ ಮುಂಜಾನೆ ವಿಭೂತಿ ಹಚ್ಚಿಕೊಂಡು ಅಂಗಡಿ ತಗೀತಾನ, ಮೇಜು, ಪ್ರಿಂಟರ್, ಕನ್ನಡಿ ಎಲ್ಲಾ ಒರಸ್ತಾನ.

ಆ ಸಂದಿ ಒಂದನ್ನ ಒರಸೋದಿಲ್ಲ.