ಅಕ್ಕನ ಬೆನ್ನಿಗೆ ನಾರಿನ ದಿಂಬು

...ಅಕ್ಕನ ಕಾಲಲ್ಲಿ ಬಲ ಇಲ್ಲ ಅಂದ್ರೆ ನಾನು ಒಪ್ತೀನೇನ್ಲಾ? ನಮ್ಮಕ್ಕ ಕಣ್ಲಾ ಅವಳು! ವಿಮಾನ ಓಡ್ಸೋದು ಕಲಿಯಾಕೆ ಹೋಗಿದ್ಲು, ಗೊತ್ತಲ್ಲ, ಇಬ್ಬರೇ ಕೂರೋ ಸಣ್ಣ ವಿಮಾನ. ಅದಕ್ಕೂ ಕಾಲಡಿ ಪೆಡಲ್ ಇರ್ತವೆ, ನಮ್ ಟ್ರಾಕ್ಟರ್ ಥರಾನೆ. ಥರಾನೆ ಅಂದ್ರೆ ಕ್ಲಚ್ಚಲ್ಲ ಬುಡಿ, ಯಾವ ಕಡೇದು ಒತ್ತಿದ್ರೆ ಆ ಕಡೀಕೆ ಮೂತಿ ತಿರುಗ್ತದೆ. ಅಡ್ಡಗಾಳೀಲಿ ಇಳಿಸ್ಬೇಕಾದ್ರೆ ಅದನ್ನ ಪೂರ್ತಿ ಒತ್ತಿ ಹಿಡೀಬೇಕು. ಅಕ್ಕನ ಕೈಲಿ ಆಗ್ನಿಲ್ಲ. ಇನ್ನೊಂದ್ಸಲ ನೋಡುದ್ಲು, ಆಗ್ನಿಲ್ಲ. ಕಲಿಸೋ ಮೇಷ್ಟ್ರು ಅಂದ್ರಂತೆ, "ಹೆಂಗಸರ ಕಾಲಲ್ಲಿ ಅಷ್ಟು ಬಲ ಇರಲ್ಲಮ್ಮ. ಕೊನೇ ಸಲ ನೋಡ್ತೀನಿ, ಆಗ್ಲಿಲ್ಲ ಅಂದ್ರೆ ಊರಿಗೆ ಹೊರಡು." ರಜಕ್ಕೆ ಬಂದೋಳು ಮಂಕಾಗಿ ಕುಂತಿದ್ಲು, ಈಗ ನೀವು ಕುಂತಿದ್ದೀರಲ್ಲ, ಇದೇ ಜಗಲಿ ಮ್ಯಾಲೆ. ನಾನು ಸುಮ್ಕಿರ್ತೀನಾ? ಚಿಕ್ಕರಸಿನಕೆರೆ ಸುತ್ತ ನನ್ನಂಗೆ ಕಬ್ಬಿನ ಹೊರೆ ಎತ್ತೋನು ಇನ್ನೊಬ್ಬ ಇದ್ರೆ ಕರ್ಕಂಬನ್ನಿ! "ಬಾರಕ್ಕ, ನಾನು ತಯಾರು ಮಾಡ್ತೀನಿ" ಅಂದೆ. ಎದುರುಬದುರು ಕುಂತು ಪಾದಕ್ಕೆ ಪಾದ ಕೊಟ್ಟು ತಳ್ಳೋದು. ಅವಳು ಗೋಡೆಗೆ ಒರಗಿದ್ಲು. ತಳ್ಳಿದ್ಲು ನೋಡಿ, ನಾನು, ನಾನು ಕಣ್ರಲಾ, ಜಾರ್ಕೊಂಡು ಹೋಗಿ ಅಂಗಳಕ್ಕೆ ಬಿದ್ದೆ! ನಗಬ್ಯಾಡ್ರಲಾ.

ಅವ್ವ ಬಾಗಿಲಾಗೆ ನಿಂತು, "ಅವಳ ಬೆನ್ನಿಗೆ ಗೋಡೆ ಅದೆ, ನಿನ್ ಬೆನ್ನಿಗೆ ಏನದೆಲಾ ಮುಂಡೇದೆ?" ಅಂದ್ಲು. ಅಕ್ಕ ದಡಕ್ಕನೆ ಎದ್ಲು. "ಅಲ್ಲೂ ಅದೇ ಕಣವ್ವ! ಸೀಟು ಎಷ್ಟು ಮುಂದಕ್ಕೆ ಎಳುದ್ರೂ ಪೆಡಲ್ ಎಟುಕಲ್ಲ. ತುದೀಲಿ ಕೂರ್ತೀನಿ, ಬೆನ್ನಿಗೆ ಏನೂ ಇರಲ್ಲ. ಒತ್ತಿದ್ರೆ ಪೆಡಲ್ ಮುಂದಕ್ಕೆ ಹೋಗಲ್ಲ, ನಾನೇ ಹಿಂದಕ್ಕೆ ಹೋಯ್ತೀನಿ!" ಅವ್ವ ತೆಂಗಿನ ನಾರು ತುಂಬಿ, ಗುದ್ದಿ ಗುದ್ದಿ ತುಂಬಿ, ಕಲ್ಲಿನಂಗೆ ಒಂದು ದಿಂಬು ಹೊಲಿದು ಕೊಟ್ಲು. ರಜ ಮುಗಿಸಿ ಹೋದಾಗ ಮೇಷ್ಟ್ರು ಅದನ್ನ ನೋಡಿ, "ಏನಮ್ಮ, ನಿದ್ದೆ ಮಾಡೋಕೆ ಬಂದ್ಯಾ?" ಅಂದ್ರಂತೆ. ಅಕ್ಕ ದಿಂಬು ಬೆನ್ನಿಗಿಟ್ಟು, ಬೆಲ್ಟು ಬಿಗಿದು, ಅದೇ ಅಡ್ಡಗಾಳೀಲಿ ಪೆಡಲ್ ತಳಕಂಟ ಒತ್ತಿ, ರನ್‌ವೇ ನಡುಗೆರೆ ಮ್ಯಾಲೇ ಇಳಿಸಿದ್ಲು. ಪಾಸು! "ಈ ಬಲ ಎಲ್ಲಿಂದ ಬಂತಮ್ಮ?" ಅಂತ ಮೇಷ್ಟ್ರು. "ಮೊದಲೂ ಇತ್ತು ಸಾರ್. ಸೀಟು ಗಂಡಸರ ಅಳತೇದು" ಅಂತ ಇವಳು. ಹೆಂಗೆ? ಇನ್ಮ್ಯಾಲೆ ಯಾವನಾದ್ರೂ ಹೆಣ್ಣುಮಕ್ಕಳಿಗೆ ಬಲ ಇಲ್ಲ ಅಂದ್ರೆ ಈ ಜಗಲಿಗೆ ಕರ್ಕಂಬನ್ನಿ, ಅಕ್ಕನ ಎದುರು ಕೂರುಸ್ತೀನಿ. ಗುದ್ದಲಿ ಕಾವನ್ನ ಕೈಗೆ ತಕ್ಕಂಗೆ ಕೆತ್ತುಸ್ತೀವಿ ಕಣ್ರಲಾ, ಕಾವಿಗೆ ತಕ್ಕಂಗೆ ಯಾವನಾದ್ರೂ ಕೈ ಕೆತ್ತುಸ್ಕೋತಾನಾ?