ಹೈಮ ಮಗು ಬಿಟ್ಟು ಬಂದದ್ದು

ಕಲ್ಯಾಣದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಂಬದೂರಿನ ಬಸ್ಸಿಗೆ ಕಾಯುತ್ತಿದ್ದ ಶಿರೀಷಾಳ ಕಿವಿ ಪಕ್ಕದ ಬೆಂಚಿನ ಕಡೆ ತಿರುಗಿತು. ಅಲ್ಲಿ ತಾಯಿ, ಮಗಳು ಟೀವಿ ಸೀರಿಯಲ್ಲಿನ ಹೈಮಳ ನ್ಯಾಯ ಮಾಡುತ್ತಿದ್ದರು. ಗಂಡನ ಮನೆಗೆ ಹೊರಟ ಮಗಳ ಸೆರಗಿನಲ್ಲಿ ಮಡಿಲಕ್ಕಿ ಗಂಟು ಕಟ್ಟಿತ್ತು.

“ಮೊಲೆ ಕುಡಿಯೋ ಮಗೀನ ಬುಟ್ಟು ತವರಿಗೆ ಬಂದ್ಬುಟ್ಲಲ್ಲ, ಆ ಹೈಮನೂ ಒಂದು ಹೆಂಗಸಾ?”

“ಪಾಪಂ ಕಣಮ್ಮ, ಬೇಕಂತ ಬುಡ್ಲಿಲ್ಲ ಅವ್ಳು.”

“ನೀನೂ ಅವ್ಳನ್ನ ನೋಡೇ ಮಗೀನ ಅತ್ತೆ ತಾವ ಬುಟ್ಟು ಬರೋದು ಕಲ್ತಿದ್ದು ಕಣೇ ವರಲಕ್ಷ್ಮಿ.”

“ಗಂಡ ಮಗೀನ ಒಳಗಾಕಿ ಬೀಗ ಜಡಿದ. ಇವ್ಳು ಹಿತ್ಲಾಗೆ ನಿಂತು ಕಿಟಕೀಲಿ ಕೈ ತೂರಿಸಿದ್ಲು. ಮಗೀನ ಕಾಲು ಸಿಕ್ತು, ಅಷ್ಟೇ. ಅವನು ಮಚ್ಚು ಹಿಡ್ಕೊಂಡು ಬಂದ, ಓಡಿದ್ಲು.”

“ಸೀರಿಯಲ್ನಾಗೆ ಇದೆಲ್ಲ ಎಲ್ಲಿ ತೋರ್ಸಿದ್ರೇ? ನಾನೂ ದಿನಾ ನೋಡ್ತೀನಲ್ಲ!”

ವರಲಕ್ಷ್ಮಿ ಸೆರಗಿನ ಗಂಟನ್ನು ಬಿಗಿ ಮಾಡಿಕೊಂಡಳು. ತಾಯಿ ಅವಳ ಮುಖವನ್ನೇ ನೋಡಿದಳು.

“ಅತ್ತೆ ಮಗೀನ ಇಟ್ಕೊಂಡವ್ಳೆ ಅಂದಿದ್ದೆ?”

“ಅತ್ತೆ ಊರಾಗೇ ಇಲ್ಲ ಕಣಮ್ಮ.”

“ನಂಗ್ಯಾಕೇ ಹೇಳ್ಲಿಲ್ಲ?”

“ಹೇಳಾನ ಅಂತ ಬಾಯಿ ತೆಗೆದಾಗೆಲ್ಲ ನೀನು ಹೈಮನ್ನ ಬೈತಿದ್ದೆ.”

“ಮಗ ಹೆಂಗೈತೆ ಈಗ?”

“ಗೊತ್ತಿಲ್ಲಮ್ಮ. ಅವನು ಫೋನೇ ಎತ್ತಾಕಿಲ್ಲ.”

 ಅಷ್ಟರಲ್ಲಿ ಹಿಂದೂಪುರದ ಬಸ್ಸು ಒಳಗೆ ಬಂತು. ಮಗಳನ್ನು ಹತ್ತಿಸಿ ಊರಿಗೆ ಮರಳಬೇಕಿದ್ದ ತಾಯಿ, ಬಸ್ಸು ನಿಲ್ಲುವ ಮೊದಲೇ ಓಡಿಹೋಗಿ ಬಾಗಿಲ ಕಂಬಿ ಹಿಡಿದು ಕಂಡಕ್ಟರನಿಗೆ ಎರಡು ಬೆರಳು ತೋರಿಸಿ ತೆಲುಗಿನಲ್ಲಿ ಕೂಗಿದಳು:

“ಅನ್ನಾ, ಹಿಂದೂಪುರಂ ರೆಂಡು!”