ಕಡವಿನ ಕಾಡವ್ವನ ವಯಸ್ಸು

ಹೆಸರು: ಯಲ್ಲಾರಿ ತಂದೆ ಮಾಳಪ್ಪ ಅಂಬಿಗೇರ. ವಯಸ್ಸು: ಸುಮಾರು 68. ಉದ್ಯೋಗ: ಘಟಪ್ರಭಾ ಹೊಳೆಯ ಹುಣಸಿ ಕಡವಿನಲ್ಲಿ ದೋಣಿ ಕಾಯುವುದು. ವಸತಿ: ಅದೇ ಕಡವಿನ ಮೇಲಿನ ಮನೆ, ತಾಲೂಕು ಗೋಕಾಕ. ಫೌಜದಾರ ಸಾಹೇಬರು ಕೇಳಿದ್ದಕ್ಕೆ, ನೆನಪಿನಲ್ಲಿದ್ದುದನ್ನು ಇದ್ದ ಹಾಗೆಯೇ ಬರೆಸಿ ತಿಳಿಸುವುದೇನೆಂದರೆ:

ನಾನು ಸಾಲಿಗೆ ಹೋದವನಲ್ಲ. ಹೊಳೆಯ ಉಸುಕಿನಲ್ಲಿ ಬೆರಳಿನಿಂದ ತೀಡಿ ಅಕ್ಷರ ಕಲಿತಿದ್ದೇನೆ. ಮಗಳು ರಾಯವ್ವನಿಗೆ ಕಾಗದ ಬರೆಯುವಾಗ ಹೇಗೆ ಬಿಡಿಸಿ ಬರೆಯುತ್ತೇನೋ ಹಾಗೆಯೇ ಹೇಳುತ್ತೇನೆ. ಉದ್ದವಾದರೆ ಸಾಹೇಬರು ತಾಳಿಕೊಳ್ಳಬೇಕು. ದೋಣಿ ನಡೆಸಿದ ಮೊಮ್ಮಗಳ ವಯಸ್ಸನ್ನು ಸುಳ್ಳು ಬರೆಸಿದನೆಂದು ನನ್ನ ಮಗ ಹನಮಂತನನ್ನು ನಿನ್ನೆಯಿಂದ ಇಲ್ಲಿ ಠಾಣೆಯಲ್ಲಿ ಕೂಡ್ರಿಸಿದ್ದಾರೆ. ಅದಕ್ಕೇ ಬಂದಿದ್ದೇನೆ.

ಕಡವಿನ ಪರವಾನಗಿ ಹನಮಂತನ ಹೆಸರಿನಲ್ಲಿದೆ. ಹದಿನಾರು ವರ್ಷ ತುಂಬದವರು ಒಬ್ಬರೇ ದೋಣಿ ನೂಕುವ ಗಳ ಹಿಡಿಯಬಾರದು, ಒಂದು ಸಲಕ್ಕೆ ಎಂಟು ಜನಕ್ಕಿಂತ ಹೆಚ್ಚು ಹತ್ತಿಸಬಾರದು ಎಂದು ಅದರಲ್ಲಿ ಬರೆದಿದೆ. ಹನಮಂತನು ಹೋದ ವರ್ಷದಿಂದ ಗೋಕಾಕ ಫಾಲ್ಸಿನ ಗಿರಣಿಯಲ್ಲಿ ದುಡಿಯುತ್ತಾನೆ. ರವಿವಾರ ಮಾತ್ರ ಮನೆಗೆ ಬರುತ್ತಾನೆ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ. ಎಡಗಣ್ಣಿಗೆ ಆಚೆ ದಂಡೆಯು ಹಾಲಿನಲ್ಲಿ ಅದ್ದಿ ಇಟ್ಟಂತೆ ಕಾಣುತ್ತದೆ. ಆದ್ದರಿಂದ ಈ ಯುಗಾದಿಯಿಂದ ಗಳ ಹಿಡಿಯುವವಳು ಹನಮಂತನ ಮಗಳು ಕಾಡವ್ವ.

ಅವಳಿಗೆ ಮೂರು ವರ್ಷ ಕಲಿಸಿದ್ದೇನೆ. ಮೊದಲ ವರ್ಷ ದೋಣಿ ಮುಟ್ಟಗೊಡಲಿಲ್ಲ, ಹೊಳೆ ಈಜಿಸಿದೆ. ಎರಡನೆಯ ವರ್ಷ ಕಣ್ಣು ಕಟ್ಟಿ ದೋಣಿಯಲ್ಲಿ ಕೂಡ್ರಿಸಿ, ನೀರಿನ ಸಪ್ಪಳ ಕೇಳಿ ಆಳ ಎಷ್ಟೆಂದು ಹೇಳಿಸಿದೆ. ಆಮೇಲೆ ಗಳ ಕೊಟ್ಟೆ. ಜನ ಹತ್ತಿದ ಮೇಲೆ ದನಿ ತೆಗೆದು ಎಣಿಸಬೇಕು, ದಂಡೆ ಮುಟ್ಟುವ ತನಕ ಎಣಿಸುತ್ತಲೇ ಇರಬೇಕು. ಗಳ ಕೆಸರಿನಲ್ಲಿ ಸಿಕ್ಕರೆ ಗಳವನ್ನು ಬಿಡಬೇಕು, ದೋಣಿಯನ್ನು ಬಿಡಬಾರದು. ದೋಣಿಯಲ್ಲಿ ಎರಡನೆಯ ಗಳ ಇದ್ದೇ ಇರುತ್ತದೆ. ಅಂಬಿಗರ ಪಾಠ ಇಷ್ಟೇ. ನಿದ್ದೆಗಣ್ಣಿನಲ್ಲಿ ಕೇಳಿದರೂ ಕಾಡವ್ವ ಒಪ್ಪಿಸುತ್ತಿದ್ದಳು.

ದಿನಾಂಕ 20-8-1934, ಸೋಮವಾರ. ಮುಂಜಾನೆ ಜಿಟಿಜಿಟಿ ಮಳೆ ನಿಂತು ಮಂಜು ಇಳಿದಿತ್ತು. ಹೊಳೆಯು ಆ ದಿನ 110 ಗಜ ಅಗಲ, ನಡುವೆ ಒಂಬತ್ತು ಫೂಟು ಆಳ ಇತ್ತು. ನೀರು ಎಲ್ಲಿ ಮುಗಿಯಿತು, ಮಂಜು ಎಲ್ಲಿ ಶುರುವಾಯಿತು ತಿಳಿಯುತ್ತಿರಲಿಲ್ಲ. ಕಟ್ಟಿದ ದೋಣಿ ತೊಟ್ಟಿಲಿನಂತೆ ಬಯಲಿನಲ್ಲಿ ತೂಗುತ್ತಿತ್ತು. 7 ಗಂಟೆ 20 ನಿಮಿಷಕ್ಕೆ ನಾಗನೂರ ಕಡೆ ಹೋಗುವ ಎಂಟು ಜನ ಬಂದರು. ಅವರಲ್ಲಿ ಹತ್ತರಗಿಯ ಅರಿವಿ ವ್ಯಾಪಾರಿ ಅಣ್ಣಾಸಾಹೇಬರು ಒಬ್ಬರು. ಈಗ ಫಿರ್ಯಾದಿ ಕೊಟ್ಟವರು ಅವರೇ. ಕಡವಿನಲ್ಲಿ ಗಡಿಯಾರ ಇದ್ದದ್ದೂ ಅವರ ಹತ್ತಿರ ಮಾತ್ರ, ವೇಳೆಯನ್ನು ಅದರ ಪ್ರಕಾರ ಹೇಳುತ್ತಿದ್ದೇನೆ.

ಅಣ್ಣಾಸಾಹೇಬರು ಕಾಡವ್ವನನ್ನು ನೋಡಿ, ‘ಏನವಾ, ನಿನಗ ದೋಣಿ ನಡಸಾಕ ಬರತೈತ್ಯೋ ಇಲ್ಲಾ ರೊಟ್ಟಿ ಬಡ್ಯಾಕ ಅಷ್ಟ ಬರತೈತ್ಯೋ’ ಎಂದು ಕೇಳಿದರು. ಅವಳು, ‘ಎರಡೂ ಬರತಾವ್ರಿ ಕಾಕಾ. ರೊಟ್ಟಿಗೆ ಕುಂದ್ರತೀರಲ್ಲ, ಹಂಗ ದೋಣ್ಯಾಗೂ ಕೆಳಗ ಕುಂದರ್ರಿ, ನಿಂತೀರಿ ಅಂದ್ರ ಹೊಳಿ ಉಣ್ಣತೈತಿ’ ಎಂದಳು. ಎಲ್ಲರೂ ನಕ್ಕರು. ಅವರೂ ನಕ್ಕರು. ಅರಿವಿಯ ಗಂಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತರು.

ದೋಣಿ ಹತ್ತು ಗಜ ಹೋದ ಕೂಡಲೇ ನನ್ನ ಕಣ್ಣಿನಿಂದ ಅಳಿಸಿಹೋಯಿತು. ಎಣಿಕೆ ಮಾತ್ರ ಕೇಳುತ್ತಿತ್ತು. ಒಂದ, ಎರಡ, ಮೂರ ಎನ್ನುತ್ತ ಎಂಟಕ್ಕೆ ಹೋಗಿ ಮತ್ತೆ ಒಂದ. 7-35ಕ್ಕೆ ಎಣಿಕೆ ಐದಕ್ಕೆ ನಿಂತಿತು. ಜನರ ಕೂಗು ಕೇಳಿತು. ಕೂಗು ಕೆಳಮುಖವಾಗಿ ಹರಿಯುತ್ತ ಸಣ್ಣದಾಯಿತು. ಆಮೇಲೆ ಹೊಳೆಯ ನಡುವಿನಿಂದ, ‘ಮುತ್ಯಾ, ನನ್ನ ಕೈ ಗಳಾ ಬಿಡವಲ್ದು’ ಎಂಬ ದನಿ ಬಂತು.

ಆದದ್ದನ್ನು ಹತ್ತಿದವರು ನಂತರ ಹೇಳಿದರು. ಗಳ ಕೆಸರಿನಲ್ಲಿ ಸಿಕ್ಕಿತು. ದೋಣಿ ವಾಲಿದಾಗ ಅಣ್ಣಾಸಾಹೇಬರು ಗಂಟು ಹಿಡಿದು ಎದ್ದು ನಿಂತರು. ಕಾಡವ್ವ ಗಳವನ್ನು ಬಿಡಲಿಲ್ಲ. ದೋಣಿ ಅವಳ ಕಾಲಕೆಳಗಿನಿಂದ ಜಾರಿತು. ಅವಳು ಹೊಳೆಯ ನಡುವೆ ನೆಟ್ಟ ಗಳವನ್ನು ಅಪ್ಪಿಕೊಂಡು ಉಳಿದಳು. ದೋಣಿ ಅರ್ಧ ಮೈಲು ಹೋಗಿ ಜಾಲಿಯ ಮೆಳೆಗೆ ಸಿಕ್ಕಿತು. ಎಂಟೂ ಜನ ನಡಮಟ್ಟ ನೀರಿನಲ್ಲಿ ಇಳಿದು ದಂಡೆ ಹತ್ತಿದರು. ಅಣ್ಣಾಸಾಹೇಬರ ಎಡಗೈ ಉಳುಕಿತು, ಅರಿವಿಯ ಗಂಟು ಹೋಯಿತು. ಹುಡುಗಿಯನ್ನು ದೋಣಿಗೆ ಬಿಟ್ಟದ್ದು ತಪ್ಪು ಎಂದು ಅವರು ಬರೆಸಿದ್ದು ಖರೆ. ಅವರು ನಿಂತದ್ದರ ಬಗ್ಗೆ ನನ್ನ ದೂರು ಇಲ್ಲ.

ನಾನು ಹರಿಗೋಲನ್ನು ನೀರಿಗೆ ನೂಕಿದೆ. ನನಗೆ ಏನೂ ಕಾಣಲಿಲ್ಲ. ‘ಎಣಸವ್ವಾ, ನಿಲ್ಲಸಬ್ಯಾಡ’ ಎಂದು ಕೂಗಿದೆ. ‘ಯಾರನ್ನ ಎಣಸಲಿ ಮುತ್ಯಾ, ದೋಣಿ ಹೋತಲ್ಲ’ ಎಂದಳು. ‘ನಿನ್ನ ಎಣಸ್ಕೋ’ ಎಂದೆ. ಅವಳು ಒಂದ, ಒಂದ, ಒಂದ ಎನ್ನತೊಡಗಿದಳು. ಆ ದನಿಯ ಕಡೆಗೆ ಹುಟ್ಟು ಹಾಕಿದೆ. ಬಿಳಿ ಬಿಳಿ ಮಂಜಿನಲ್ಲಿ ದನಿ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕೇಳಿತು. ನಡು ಹೊಳೆಯಲ್ಲಿ ಎರಡು ದನಿ ಕೂಡಿ ಒಂದ, ಒಂದ ಎಂದಂತೆ ಕೇಳಿತು. ಇದನ್ನು ಬರೆಯುವುದು ಬೇಡ ಎಂದು ಬರೆದುಕೊಳ್ಳುವ ಜಮಾದಾರರು ಹೇಳಿದರು. ಬರೆಯಿರಿ ಎಂದು ಕೇಳಿಕೊಂಡಿದ್ದೇನೆ. ನನ್ನ ಅಂದಾಜಿಗೆ 7-55ರ ಸುಮಾರಿಗೆ ನನ್ನ ಕೈಗೆ ಅವಳ ಹೆರಳು ಸಿಕ್ಕಿತು. ಬೆರಳುಗಳನ್ನು ಒಂದೊಂದಾಗಿ ಗಳದಿಂದ ಬಿಡಿಸಬೇಕಾಯಿತು. ಕಲಿಸಿದ್ದು ಬಾಯಿಗೆ ಬೇಗ ಬರುತ್ತದೆ, ಕೈಗೆ ಬರಲು ವಯಸ್ಸು ಆಗಬೇಕು ಎಂದು ಆಗ ತಿಳಿಯಿತು.

ಇನ್ನು ವಯಸ್ಸಿನ ವಿಷಯ. ಅದನ್ನು ಬರೆಸಲು ಯುಗಾದಿಗೆ ಮೊದಲು ಚಾವಡಿಗೆ ಹೋದವನು ನಾನು, ಹನಮಂತನಲ್ಲ. ಹುಟ್ಟು-ಸಾವಿನ ಪುಸ್ತಕದಲ್ಲಿ ಹನಮಂತನ ಮಗಳು ಕಾಡವ್ವ, ಜನನ 11-2-1917 ಎಂದು ಇತ್ತು. ಇವಳೇ ಏನು ಎಂದು ಕೇಳಿದರು. ಹೌದು ಎಂದು ಸಹಿ ಮಾಡಿದೆ. ನಾನು ಏನು ಬರೆಸಿದೆನೆಂದು ಹನಮಂತನು ಕೇಳಲಿಲ್ಲ, ನಾನು ಹೇಳಲಿಲ್ಲ.

ಆ ಕಾಡವ್ವ ಇವಳಲ್ಲ. ಅವಳು 1918ರಲ್ಲಿ ಮಾನಮೋಡಿ ಜ್ವರ ಬಂದಾಗ, ದಸರೆಯ ಮರುವಾರ, ಒಂದು ವರ್ಷ ಎಂಟು ತಿಂಗಳಿನವಳಾಗಿ ತೀರಿದಳು. ಆ ತಿಂಗಳು ಹೂಳುವವರೇ ಸಾಲದಾಗಿದ್ದರು, ಚಾವಡಿಗೆ ಹೋಗಿ ಬರೆಸುವವರು ಯಾರು? 1921ರ ಶಿವರಾತ್ರಿಯ ಮರುದಿನ ಇವಳು ಹುಟ್ಟಿದಳು. ಹೋದ ಕೂಸಿನ ಹೆಸರನ್ನು ಬಂದ ಕೂಸಿಗೆ ಇಡುವುದು ನಮ್ಮಲ್ಲಿ ವಾಡಿಕೆ. ಸತ್ತಿತ್ತು ಎಂಬ ಮಾತನ್ನು ಆ ಮೇಲೆ ಯಾರೂ ಆಡುವುದಿಲ್ಲ. ನನ್ನ ಹೆಂಡತಿ ಪಾರವ್ವ, ‘ಎಲ್ಲಿ ತಿರಗ್ಯಾಡಾಕ ಹೋಗಿದ್ದಿ ನನ್ನವ್ವಾ, ಬಾ’ ಎನ್ನುತ್ತ ಅದೇ ಕಾಲ್ಗಡಗ ತೊಡಿಸಿದಳು. ಹೆಸರು ಪುಸ್ತಕದಲ್ಲಿ ಇದ್ದೇ ಇದೆಯಲ್ಲ ಎಂದು ಇವಳ ಹುಟ್ಟನ್ನು ಬರೆಸಲೂ ಇಲ್ಲ. ಚಾವಡಿಯಲ್ಲಿ ಸಹಿ ಮಾಡುವಾಗ ಸುಳ್ಳು ಎಂದು ನನಗೆ ಅನಿಸಲಿಲ್ಲ. ಗಳ ಹಿಡಿಯುವ ಕೈ ಬೇಕಾಗಿತ್ತು ಎಂಬುದೂ ಖರೆಯೇ.

ಆದ್ದರಿಂದ ಹಿರಿಯ ಕಾಡವ್ವನ ಮರಣವನ್ನು ಇಂದು ಮೊದಲ ಸಲ ಬರೆಸುತ್ತಿದ್ದೇನೆ. ಕಿರಿಯವಳಿಗೆ ಈಗ ಹದಿಮೂರು ವರ್ಷ ಐದು ತಿಂಗಳು. ಹದಿನಾರು ತುಂಬುವ ತನಕ ಅವಳು ಗಳ ಹಿಡಿಯುವುದಿಲ್ಲ. ಅದಕ್ಕಾಗಿ ಕಡವು ಮುಚ್ಚಿದರೂ ನನ್ನ ತಕರಾರು ಇಲ್ಲ. ತಪ್ಪು ನನ್ನದು, ಹನಮಂತನನ್ನು ಬಿಡಬೇಕು.

ಇಷ್ಟನ್ನು ಬರೆದ ಮೇಲೆ ಫೌಜದಾರ ಸಾಹೇಬರು, ಪಡಸಾಲೆಯಲ್ಲಿ ಕುಳಿತಿದ್ದ ಕಾಡವ್ವನನ್ನು ಕರೆದು ವಯಸ್ಸು ಕೇಳಿದರು. ಹದಿನೇಳು ಎಂದಳು. ಹಾಗೆ ಹೇಳು ಎಂದು ಕಲಿಸಿದವನು ನಾನೇ. ಹದಿಮೂರು ಎಂದು ನಾನು ಎಲ್ಲರ ಎದುರು ಹೇಳಿದೆ. ಅವಳು ಬೆರಳು ಮಡಿಸಿ ನೋಡಿ, ‘ಹಂಗಾರ ಉಳದ ನಾಕ ವರ್ಷ ಯಾರವು ಮುತ್ಯಾ’ ಎಂದು ಕೇಳಿದಳು. ನಿಮ್ಮ ಅಕ್ಕನವು ಎಂದೆ. ನನಗೆ ಅಕ್ಕ ಇದ್ದಳೇ, ಅವಳ ಹೆಸರೇನು ಎಂದು ಕೇಳಿದಳು. ಹೇಳಿದೆ.

ಮೇಲಿನದೆಲ್ಲ ನಾನು ಕಂಡದ್ದು, ಕೇಳಿದ್ದು, ಮಾಡಿದ್ದು. ಓದಿಸಿ ಕೇಳಿದ್ದೇನೆ, ತೆಗೆಯುವಂಥದ್ದು ಏನೂ ಇಲ್ಲ.

ಸ್ಥಳ: ಗೋಕಾಕ
ದಿನಾಂಕ: 22-8-1934
ಸಹಿ: ಯಲ್ಲಾರಿ ಮಾಳಪ್ಪ ಅಂಬಿಗೇರ (ಸ್ವಂತ ಕೈಯಿಂದ)